ಆತ್ಮ ಯಾವ ತಲೆಮಾರಿನಲ್ಲಿ ಬಂತು?

ತಾಯಿಯೊಬ್ಬರು ಬರೆದಿದ್ದಾರೆ: 'ಮಗಳು ಜೀವವಿಜ್ಞಾನ ಓದುತ್ತಿದ್ದಾಳೆ. ಮನುಷ್ಯ ವಿಕಾಸವಾಗಿ ಬಂದ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಹಾಗಾದರೆ ಆತ್ಮ ಯಾವ ತಲೆಮಾರಿನಲ್ಲಿ ಬಂತು, ತಾಯಿಗೆ ಇಲ್ಲದ್ದು ಮಗುವಿಗೆ ಬಂತಾ ಎಂದು ಕೇಳುತ್ತಾಳೆ. ಕ್ರೈಸ್ತಳಾಗಿ ಏನು ಹೇಳಲಿ?'

ಉತ್ತರ: ಈ ಪ್ರಶ್ನೆ ನನ್ನನ್ನೂ ಬಹಳ ಕಾಡಿದೆ. ದಯವಿಟ್ಟು ಅವಳನ್ನು ಸುಮ್ನಿರಿಸಬೇಡಿ.

ದೇಹ ವಿಕಾಸವಾಗಿ ಬಂದಿರಬಹುದೇ ಎಂದು ಹುಡುಕಲು ಅಡ್ಡಿಯಿಲ್ಲ, ಆತ್ಮ ಮಾತ್ರ ದೇವರಿಂದ ನೇರವಾಗಿ ಬರುತ್ತದೆ ಎಂದು ಪೋಪ್ 12ನೇ ಪಿಯುಸ್ 1950ರಲ್ಲೇ ಹೇಳಿದರು. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ವಿಕಾಸವಾದ ಬರೀ ಊಹೆಯಲ್ಲ, ಅದಕ್ಕಿಂತ ಜಾಸ್ತಿ ಎಂದರು. ಎಲ್ಲ ಕ್ರೈಸ್ತ ಸಭೆಗಳೂ ಇದನ್ನು ಒಪ್ಪುವುದಿಲ್ಲ, ನಿಜ.

ತೊಡಕಿರುವುದು 'ನೇರವಾಗಿ' ಅನ್ನುವ ಮಾತಿನಲ್ಲಿ. ಅದನ್ನು ಕೇಳಿದ ಕೂಡಲೇ ಆತ್ಮ ಅಂದರೆ ಸಿದ್ಧವಾದ ದೇಹದೊಳಗೆ ತಂದಿಟ್ಟ ವಸ್ತು ಅನ್ನಿಸುತ್ತದೆ. 13ನೇ ಶತಮಾನದ ಕ್ರೈಸ್ತ ಚಿಂತಕ ತೋಮಸ್ ಅಕ್ವಿನಾಸ್ ಹಾಗೆ ಯೋಚಿಸಲಿಲ್ಲ. ಅವರಿಗೆ ಆತ್ಮ ಅಂದರೆ ದೇಹವನ್ನು ಜೀವಂತ ದೇಹವಾಗಿಸುವಂಥದ್ದು. ಗಿಡಕ್ಕೂ ಅದರದ್ದೇ ಆತ್ಮ, ಪ್ರಾಣಿಗೂ ಅದರದ್ದೇ ಆತ್ಮ. ಮನುಷ್ಯನ ಆತ್ಮ ಅರಿಯುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳುತ್ತದೆ, ಸಾವಿನ ಆಚೆಗೂ ಉಳಿಯುತ್ತದೆ. ಹೀಬ್ರೂ ಬೈಬಲಿನ ಆದಿಕಾಂಡ ಕೂಡ ಮೊದಲ ಮನುಷ್ಯನಿಗೂ ಪ್ರಾಣಿಗಳಿಗೂ 'ನೆಫೆಶ್' (ಜೀವ, ಪ್ರಾಣ) ಎಂಬ ಒಂದೇ ಪದ ಬಳಸುತ್ತದೆ. ಹಾಗಾಗಿ ನಿಮ್ಮ ಮಗಳು ಕೇಳುವ ಆ ತಾಯಿ ಬರಿದಾಗಿರಲಿಲ್ಲ.

ಇನ್ನು ಮಗಳನ್ನೇ ನೋಡಿ. ನಿಮ್ಮ ಹೊಟ್ಟೆಯಲ್ಲಿ ಅವಳು ಒಂದೇ ಒಂದು ಜೀವಕೋಶವಾಗಿ ಶುರುವಾದಳು. ಅದು ಎರಡಾಯಿತು, ನಾಲ್ಕಾಯಿತು, ಹೃದಯ ಮಿಡಿಯಿತು, ಮಿದುಳು ಬೆಳೆಯಿತು. ಇದನ್ನೆಲ್ಲ ವಿಜ್ಞಾನ ವಿವರಿಸುತ್ತದೆ. ಆದರೂ ಅವಳನ್ನು ದೇವರು ಕೊಟ್ಟ ಎಂದು ನೀವು ನಂಬುತ್ತೀರಿ, ಅಲ್ವಾ? ಒಂದು ಮಗುವಿನ ವಿಷಯದಲ್ಲಿ ಈ ಎರಡು ಮಾತಿಗೆ ಜಗಳವಿಲ್ಲ. ಇಡೀ ಮನುಕುಲದ ವಿಷಯಕ್ಕೆ ಬಂದಾಗ ಯಾಕಿರಬೇಕು?

ಆದಾಮ, ಹವ್ವರ ಮಾತು ಇಷ್ಟು ಸಲೀಸಲ್ಲ. ನಾವು ಒಂದೇ ಜೋಡಿಯಿಂದಲ್ಲ, ದೊಡ್ಡ ಗುಂಪಿನಿಂದ ಬಂದವರು ಎಂದು ಡಿಎನ್‌ಎ ಹೇಳುತ್ತದೆ. ಮೊದಲ ಮನುಷ್ಯನ ಪಾಪ ಎಲ್ಲರಿಗೂ ಬಂತು ಅನ್ನುವ ಜನ್ಮಪಾಪದ ಬೋಧನೆಗೆ, ಒಂದೇ ಜೋಡಿಯಿಂದ ಬಂದವರಲ್ಲ ಅನ್ನುವ ಮಾತು ಹೇಗೆ ಹೊಂದುತ್ತದೆ ಎಂದು ಪಿಯುಸ್ ಅವರೇ ಚಿಂತೆಪಟ್ಟಿದ್ದರು. ಆ ಗುಂಪಿನಿಂದ ಇಬ್ಬರನ್ನು ದೇವರು ಮೊದಲು ಕರೆದ ಎಂದು ಕೆಲವರು ಹೇಳುತ್ತಾರೆ. 'ಆದಾಮ' ಅಂದರೆ ಹೀಬ್ರೂವಿನಲ್ಲಿ ಮನುಷ್ಯ ಎಂದೇ ಅರ್ಥ, ಅದು ನಮ್ಮೆಲ್ಲರ ಕಥೆ ಎಂದು ಇನ್ನು ಕೆಲವರು. ನನ್ನ ಮನಸ್ಸು ಒಪ್ಪುವುದು ಎರಡನೆಯದನ್ನು.

ಯಾವ ತಲೆಮಾರು ಎಂದು ಮೂಳೆ ನೋಡಿ ಹೇಳಲಾಗದು. ಆದರೆ ಇರಾಕಿನ ಶನಿದಾರ್ ಗುಹೆಯಲ್ಲಿ 1957ರಲ್ಲಿ ಸಿಕ್ಕ ನಿಯಾಂಡರ್ತಾಲ್ (ನಮಗೆ ಹತ್ತಿರದ, ಈಗ ಅಳಿದುಹೋದ ಮಾನವ ಜಾತಿ) ಒಬ್ಬನ ಬಗ್ಗೆ ಮಗಳಿಗೆ ಹೇಳಿ. ಅವನ ಬಲಗೈ ಬತ್ತಿ ಅರ್ಧಕ್ಕೇ ನಿಂತಿತ್ತು. ಎಡಗಣ್ಣಿನ ಬಳಿ ಮುಖದ ಮೂಳೆ ಮುರಿದು, ಎಷ್ಟೋ ವರ್ಷಗಳ ಹಿಂದೆಯೇ ಕೂಡಿಕೊಂಡಿತ್ತು. ಆ ಸ್ಥಿತಿಯಲ್ಲೂ ಅವನು ಬಹುಕಾಲ ಬದುಕಿದ್ದ. ಯಾರೋ ಜೊತೆಗಿದ್ದು ನೋಡಿಕೊಂಡಿರಬೇಕು. ಅವರಿಗೆ ಆತ್ಮ ಇರಲಿಲ್ಲ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.