ಹತ್ತರಲ್ಲಿ ಮೂರೇ ಕುಂಡ ಯಾಕೆ ಹಳದಿ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಹತ್ತು ಕುಂಡ ಗುಲಾಬಿ, ಅದರಲ್ಲಿ ಮೂರರ ಎಲೆ ಹಳದಿ. ಒಂದೇ ವಾರದಲ್ಲಿ ಆ ಮೂರಕ್ಕೆ ಗೊಬ್ಬರ ಹೆಚ್ಚಿಸಿದಿರಿ, ನೀರು ಹೆಚ್ಚಿಸಿದಿರಿ, ಜಾಗವನ್ನೂ ಬದಲಿಸಿದಿರಿ. ಏನೂ ಸುಧಾರಿಸಲಿಲ್ಲ. ಕೊನೆಗೆ ಮಗಳು "ಇಷ್ಟೆಲ್ಲ ವಿಜ್ಞಾನ, ಗಣಿತ ಓದಿ ಏನು ಬಂತು, ಒಂದು ಗಿಡ ಉಳಿಸೋಕೆ ಆಗಲ್ಲ" ಅಂದಳಂತೆ. ಮೇಲೆ ಹನ್ನೊಂದು ಜನ ಹನ್ನೊಂದು ಔಷಧಿ ಹೇಳಿದ್ದಾರೆ. ಹನ್ನೆರಡನೆಯದು ನನ್ನ ಹತ್ತಿರ ಇಲ್ಲ.

ನಾನಾಗಿದ್ದರೆ ಆ ಮೂರನ್ನು ಬಿಟ್ಟು, ಚೆನ್ನಾಗಿರುವ ಏಳನ್ನು ಮೊದಲು ನೋಡುತ್ತಿದ್ದೆ. ಅವಕ್ಕೆ ಯಾಕೆ ಏನೂ ಆಗಿಲ್ಲ? ತಳಿ ಒಂದೇ, ಮಣ್ಣು ಒಂದೇ, ನೆಟ್ಟ ದಿನ ಒಂದೇ ಅಂದಿದ್ದೀರಿ. ಹತ್ತಕ್ಕೂ ಸಮನಾಗಿರುವುದರ ಮೇಲೆ ಮೂರರ ತಪ್ಪು ಹೊರಿಸುವುದು ಕಷ್ಟ. ಬೇರೆ ಏನಿದೆ ಅಂತ ಹುಡುಕಬೇಕು. ಅದನ್ನು ನೀವೇ ಮಾತಿನ ಮಧ್ಯೆ ಹೇಳಿಬಿಟ್ಟಿದ್ದೀರಿ: ಆ ಮೂರು ಮಾತ್ರ ಗಿಡ್ಡ, ಅಗಲ ಕುಂಡ, ಮತ್ತು ನೀರು ಚೆನ್ನಾಗಿ ಬಸಿಯಲಿ ಅಂತ ಅಡಿಗೆ ಜಲ್ಲಿ ತುಂಬಿದ್ದೀರಿ.

ನನ್ನ ಅನುಮಾನ ಪೂರ್ತಿ ಆ ಜಲ್ಲಿಯ ಮೇಲೆ. ಮಗಳನ್ನು ಕೂರಿಸಿಕೊಂಡು ಒಂದು ಕೆಲಸ ಮಾಡಿ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ, ಅಂಗೈ ಮೇಲೆ ಅಡ್ಡವಾಗಿ ಇಟ್ಟುಕೊಳ್ಳಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಹಿಂಡಬೇಡಿ, ಸುಮ್ನೆ ಅದನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ನೀರು ಅದೇ, ಬದಲಾದದ್ದು ಎತ್ತರ ಮಾತ್ರ. ಮಣ್ಣಿನ ಸಣ್ಣ ಸಣ್ಣ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದನ್ನು ಕೆಳಗೆ ಎಳೆಯಲು ಎತ್ತರ ಬೇಕು. ಹಾಗಾಗಿ ಯಾವ ಕುಂಡದಲ್ಲೂ ಮಣ್ಣಿನ ತಳದಲ್ಲಿ ಒಂದಿಷ್ಟು ಪದರ ಒದ್ದೆಯಾಗಿಯೇ ಉಳಿಯುತ್ತದೆ. ಗಿಡ್ಡ ಕುಂಡದಲ್ಲಿ ಆ ಪದರವೇ ಅರ್ಧ ಜಾಗ ತಿನ್ನುತ್ತದೆ. ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಾನೂ ವರ್ಷಗಟ್ಟಲೆ ಹಾಕಿದ್ದೇನೆ. ಆದರೆ ಸಣ್ಣ ಸಂದಿನ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ನೀರು ಸುಲಭಕ್ಕೆ ದಾಟುವುದಿಲ್ಲ. ಒದ್ದೆ ಪದರ ಜಲ್ಲಿಯ ಮೇಲೆ ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರ. ಅದರ ಮೇಲೆ ನೀವು ನೀರು ಜಾಸ್ತಿ ಮಾಡಿದಿರಿ.

ಇಲ್ಲಿ ನನಗೆ ವಾನ್ ಹೆಲ್ಮಾಂಟ್ ಅನ್ನುವ ಹಳೇ ಕಾಲದ ವಿಜ್ಞಾನಿ ನೆನಪಾಗುತ್ತಾನೆ. ಅವನ ಬರಹ ಅಚ್ಚಾದದ್ದು 1648ರಲ್ಲಿ, ಅವನು ತೀರಿಕೊಂಡ ಮೇಲೆ. ಒಣಗಿಸಿದ 200 ಪೌಂಡ್ ಮಣ್ಣಿನಲ್ಲಿ 5 ಪೌಂಡಿನ ವಿಲೋ ಸಸಿ ನೆಟ್ಟು, 5 ವರ್ಷ ಬರೀ ನೀರು ಕೊಟ್ಟ. ಮರ 169 ಪೌಂಡ್ ಆಯಿತು. ಮಣ್ಣು ತೂಗಿದರೆ ಸುಮಾರು 2 ಔನ್ಸ್ ಕಮ್ಮಿ, ಅಂದರೆ 60 ಗ್ರಾಂ ಕೂಡ ಇಲ್ಲ. ಹಾಗಾದರೆ ಮರವೆಲ್ಲ ನೀರಿನಿಂದಲೇ ಆದದ್ದು ಅಂತ ತೀರ್ಮಾನಿಸಿದ. ತೂಕ ಸರಿ, ತೀರ್ಮಾನ ತಪ್ಪು. ಮರದ ಮೈಗೆ ಗಾಳಿಯಿಂದಲೂ ಬಹಳಷ್ಟು ಸೇರುತ್ತದೆ, ಅವನ ಪಟ್ಟಿಯಲ್ಲಿ ಗಾಳಿಯೇ ಇರಲಿಲ್ಲ. ತಮಾಷೆ ನೋಡಿ, 'ಗ್ಯಾಸ್' ಅನ್ನುವ ಪದ ಹುಟ್ಟುಹಾಕಿದವನೂ ಅವನೇ! ನಿಮ್ಮ ಪಟ್ಟಿಯಲ್ಲೂ ಗೊಬ್ಬರ, ನೀರು, ಬಿಸಿಲು ಇವೆ, ಗಾಳಿ ಇಲ್ಲ. ಬೇರೂ ಉಸಿರಾಡಬೇಕು ಅಲ್ವಾ? ಸಂದುಗಳಲ್ಲೆಲ್ಲ ನೀರು ನಿಂತರೆ ಎಲ್ಲಿಂದ ಉಸಿರಾಡುತ್ತದೆ?

ಇದು ನಿಜವೋ ನನ್ನ ಊಹೆಯೋ ಅಂತ ತಿಳಿಯಲು ಮನೆಯ ತಕ್ಕಡಿ ಸಾಕು. ಒಂದು ಚೆನ್ನಾಗಿರುವ ಕುಂಡ, ಒಂದು ಹಳದಿ ಕುಂಡ, ಎರಡನ್ನೂ ನೀರು ಹಾಕಿ ಬಸಿದ ಮೇಲೆ ತೂಗಿ. ಮರುದಿನ ಅದೇ ಹೊತ್ತಿಗೆ ಮತ್ತೆ ತೂಗಿ. ಒಂದು ಲೀಟರ್ ನೀರು ಒಂದು ಕಿಲೋ, ಲೆಕ್ಕ ಸುಲಭ. ನನ್ನಲ್ಲಿ ಒಮ್ಮೆ ಒಳ್ಳೆಯ ಕುಂಡ ದಿನಕ್ಕೆ 400 ಗ್ರಾಂ ಇಳಿದರೆ ಸೊರಗಿದ್ದು 100 ಗ್ರಾಂ ಕೂಡ ಇಳಿಯಲಿಲ್ಲ. ಗಿಡ ನೀರು ಕುಡಿಯುತ್ತಲೇ ಇರಲಿಲ್ಲ. ನಾನು ಮಾತ್ರ ಬಾಯಾರಿದೆ ಅಂದುಕೊಂಡು ಸುರಿಯುತ್ತಿದ್ದೆ.

ಇನ್ನು ಗೊಬ್ಬರ. ಪೊಟ್ಟಣದ ಮೇಲೆ ಲೀಟರಿಗೆ 2 ಗ್ರಾಂ ಅಂತಿದೆ, ನೀವು ಅರ್ಧ ಲೀಟರ್ ಮಗ್ಗಿಗೆ ಒಂದು ಟೀ ಚಮಚ ಹಾಕಿದ್ದೀರಿ. ಚಮಚಕ್ಕೆ ಸುಮಾರು 5 ಗ್ರಾಂ ಹಿಡಿಯಿರಿ. ಅಲ್ಲಿಗೆ ಲೀಟರಿಗೆ 10 ಗ್ರಾಂ, ಐದು ಪಟ್ಟು! ಗೊಬ್ಬರವೂ ಉಪ್ಪೇ. ಹೊರಗೆ ಉಪ್ಪು ಹೆಚ್ಚಾದರೆ ಬೇರಿಗೆ ನೀರು ಎಳೆಯುವುದೇ ಕಷ್ಟ. ಐದನೇ ಕ್ಲಾಸಿನ ಭಾಗಾಕಾರ ಇದು, ಮಗಳಿಗೇ ಮಾಡಲು ಕೊಡಿ.

"ಎಲೆ ಹಳದಿ" ಅಂತ ಬರೆದದ್ದೂ ಸಾಲದು, ಭಾಷೆಯಲ್ಲೂ ಅಳತೆ ಬೇಕು. ಕೆಳಗಿನ ಹಳೇ ಎಲೆಯೋ, ತುದಿಯ ಹೊಸ ಎಲೆಯೋ? ಸಾರಜನಕ ಕಮ್ಮಿಯಾದರೆ ಗಿಡ ಹಳೇ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ, ಹಾಗಾಗಿ ಹಳೆಯದು ಮೊದಲು ಹಳದಿ. ಕಬ್ಬಿಣವನ್ನು ಹಾಗೆ ಸಾಗಿಸಲಾರದು, ಅದು ಕಮ್ಮಿಯಾದರೆ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ನಿಮ್ಮ ಫೋಟೋ ಮಸುಕಾಗಿದೆ, ಹತ್ತಿರದಿಂದ ಇನ್ನೊಂದು ತೆಗೆಯಿರಿ.

ಈಗ ಮಾಡಬೇಕಾದ್ದು. ಮೂರನ್ನೂ ಹಳೇ ಜಾಗಕ್ಕೆ ತನ್ನಿ, ಗೊಬ್ಬರ ನಿಲ್ಲಿಸಿ. ಒಂದನ್ನು ಜಲ್ಲಿ ತೆಗೆದು ಎತ್ತರದ ಕುಂಡಕ್ಕೆ ಬದಲಿಸಿ. ಆಗ ಬೇರನ್ನೂ ನೋಡಿ, ಕಂದಾಗಿ ಮೆತ್ತಗಿದ್ದು ವಾಸನೆ ಬಂದರೆ ಕೊಳೆತಿದೆ ಅಂತ. ಇನ್ನೊಂದಕ್ಕೆ ನೀರು ಮಾತ್ರ ಕಮ್ಮಿ ಮಾಡಿ, ಮಣ್ಣು ಬೆರಳಿಗೆ ಒಣಗಿದ್ದು ತಿಳಿದ ಮೇಲೆ ಹಾಕಿ. ಮೂರನೆಯದಕ್ಕೆ ಮೊದಲಿನಷ್ಟೇ ನೀರು, ಬೇರೇನೂ ಬೇಡ. ಇದಕ್ಕೆ ಮನಸ್ಸು ಒಪ್ಪಲ್ಲ, ಗೊತ್ತು. ಆದರೆ ಅದಿಲ್ಲದೆ ಉಳಿದೆರಡನ್ನು ಯಾವುದಕ್ಕೆ ಹೋಲಿಸುತ್ತೀರಿ? ಯಾವ ಕುಂಡಕ್ಕೆ ಯಾವುದು ಅಂತ ನೀವು ಆರಿಸಬೇಡಿ, ಚೀಟಿ ಎತ್ತಿ. ಇಲ್ಲದಿದ್ದರೆ ಕೈ ತಾನಾಗಿ ಚೆನ್ನಾಗಿರುವ ಗಿಡಕ್ಕೇ ಒಳ್ಳೆಯ ಕುಂಡ ಕೊಡುತ್ತದೆ. ಹೊಲದ ಪ್ರಯೋಗಗಳಿಗೆ ಈ ಚೀಟಿಯ ಶಿಸ್ತು ತಂದವನು ರೊನಾಲ್ಡ್ ಫಿಷರ್. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಲೆಕ್ಕ ನೋಡಲು ಸೇರಿದವನು. ಒಂದೊಂದೇ ಕುಂಡ ನಂಬಿ ದೊಡ್ಡ ಮಾತು ಆಡಬಾರದು ಅಂತ ಅವನಿದ್ದಿದ್ದರೆ ಬೈಯುತ್ತಿದ್ದ, ಆದರೆ ನಮಗಿರುವುದು ಮೂರೇ.

ತಾರೀಖು ಹಾಕಿ ಬರೆದಿಡಿ. ಹಳದಿಯಾದ ಹಳೇ ಎಲೆ ಸಾಮಾನ್ಯವಾಗಿ ಮತ್ತೆ ಹಸಿರಾಗಲ್ಲ, ಹೊಸ ಚಿಗುರನ್ನೇ ನೋಡಬೇಕು. ಮೊದಲ ದಿನದ ಎರಡು ತೂಕ ಸಿಕ್ಕ ತಕ್ಷಣ ಇಲ್ಲಿ ಹಾಕಿ. ತಕ್ಕಡಿಯ ಕೆಲಸ ಮಗಳಿಗೆ ಬಿಡಿ, ನಿಮಗಿಂತ ಸರಿಯಾಗಿ ಓದುತ್ತಾಳೆ.