ಹೈಸ್ಕೂಲಿಗೆ ಹೊರಟ ಮಗಳಿಗೆ ಏನು ಹೇಳಬೇಕು?

ಮೇಡಂ, ಮಗಳು ಜೂನ್‌ನಲ್ಲಿ ಎಂಟನೇ ತರಗತಿಗೆ ಹೋಗುತ್ತಾಳೆ, ಹೈಸ್ಕೂಲಲ್ಲಿ ರೂಲ್ಸು ಜಾಸ್ತಿ ಅಂತ ಹೆದರಿದ್ದಾಳೆ ಎಂದು ಬರೆದಿದ್ದೀರಿ. ನಾನು ಹೈಸ್ಕೂಲಲ್ಲಿ ಗಣಿತ ಕಲಿಸುತ್ತೇನೆ. ಯೂನಿಫಾರ್ಮು, ಎರಡು ಜಡೆ, ಪ್ರಾರ್ಥನೆಗೆ ಮುಂಚೆ ಬರುವುದು, ಇವೆಲ್ಲ ಒಂದು ವಾರದಲ್ಲಿ ರೂಢಿಯಾಗುತ್ತವೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ನಿಜವಾಗಿ ಗಮನ ಕೊಡಬೇಕಾದ್ದು ಹಾಜರಾತಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ಜಾತ್ರೆ, ಮದುವೆ ಅಂತ ವಾರಗಟ್ಟಲೆ ರಜೆ ಹಾಕಿಸುವ ಅಭ್ಯಾಸ ಈಗಲೇ ಬಿಡಿ. ರಜೆ ಬೇಕೇ ಬೇಕಾದರೆ ನೀವು ಸಹಿ ಹಾಕಿದ ಅರ್ಜಿ ಕಳಿಸಿ.

ನೋಟ್ಸು, ಪ್ರಾಜೆಕ್ಟು ಆಯಾ ವಾರವೇ ಮುಗಿಸಲಿ. ಹತ್ತನೇ ತರಗತಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ 20 ಆಂತರಿಕ ಅಂಕ ಇರುತ್ತವೆ. ಆಗ ಈ ಅಭ್ಯಾಸವೇ ಕೈ ಹಿಡಿಯುತ್ತದೆ.

ಭಯದ ವಿಷಯಕ್ಕೆ ಬಂದರೆ, ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮೊದಲ ತಿಂಗಳು ಬಾಯೇ ಬಿಡಲಿಲ್ಲ. ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಬರೆದು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದಳು. ನಾನು ಅದರ ಕೆಳಗೇ ಉತ್ತರ ಬರೆದುಕೊಡುತ್ತಿದ್ದೆ. ದಸರಾ ರಜೆ ಮುಗಿಸಿ ಬಂದ ಮೇಲೆ ತಾನೇ ಎದ್ದು ನಿಂತು ಕೇಳತೊಡಗಿದಳು. ನಿಮ್ಮ ಮಗಳಿಗೂ ಕೇಳಲು ಸಂಕೋಚ ಇದ್ದರೆ ಹಾಗೆ ಬರೆದುಕೊಡಲಿ.