ಸಮುದ್ರನೀರಿನ ಅಕ್ವೇರಿಯಂನ ಪ್ರೋಟೀನ್ ಸ್ಕಿಮ್ಮರ್ (ನೀರಿನ ಕೊಳೆಯನ್ನು ನೊರೆಯ ಜೊತೆ ಹೊರತೆಗೆಯುವ ಸಾಧನ) ಕಪ್ ಗಂಟೆಗೊಮ್ಮೆ ತಿಳಿನೀರು ತುಂಬಿ ಚೆಲ್ಲುತ್ತಿದೆ, ಏನು ಮಾಡಲಿ?

ಕಪ್‌ನಲ್ಲಿ ಗಾಢ ಕಂದು, ನಾತ ಹೊಡೆಯುವ ನೀರಿದ್ದರೆ ಸ್ಕಿಮ್ಮರ್ ತನ್ನ ಕೆಲಸ ಮಾಡುತ್ತಿದೆ. ನಿಮ್ಮ ಹಾಗೆ ತಿಳಿನೀರೇ ತುಂಬುತ್ತಿದ್ದರೆ ನನ್ನ ಮೊದಲ ಅನುಮಾನ ಸಂಪ್‌ನ ನೀರಿನ ಮಟ್ಟದ ಮೇಲೆ (ಮನೆಯಂಗಳದ ಸಂಪ್ ಅಲ್ಲ, ಅಕ್ವೇರಿಯಂ ಕೆಳಗಿನ ಶೋಧಕ ತೊಟ್ಟಿ). ಸಂಪ್‌ನೊಳಗೆ ಕೂರುವ ಬಹುತೇಕ ಸ್ಕಿಮ್ಮರ್‌ಗಳಿಗೆ 18–22 ಸೆಂ.ಮೀ. ಆಳ ಸಾಕು, ಕೈಪಿಡಿ ನೋಡಿ, ಹೆಚ್ಚಿದ್ದರೆ ಅಡಿಗೆ ಪ್ಲಾಸ್ಟಿಕ್ ಜಾಲರಿ ಇಟ್ಟು ಎತ್ತರಿಸಿ. ಔಟ್‌ಲೆಟ್ ವಾಲ್ವ್ ಪೂರ್ತಿ ತೆರೆದು, ನೊರೆ ಕಪ್‌ನ ಕುತ್ತಿಗೆಯ ಬುಡದಲ್ಲಿ ನಿಲ್ಲುವಂತೆ ಸ್ವಲ್ಪಸ್ವಲ್ಪವೇ ತಿರುಗಿಸಿ. ಒಂದೇ ಸಲಕ್ಕೆ ಜೋರಾಗಿ ತಿರುಗಿಸಿದರೆ ನೆಲ ಒರೆಸುವ ಕೆಲಸ ಗ್ಯಾರಂಟಿ!

ಮಟ್ಟ ಸರಿಯಿದ್ದೂ ಉಕ್ಕುತ್ತಿದೆಯೇ? ಇತ್ತೀಚೆಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ್ದಿರಾ, ಹವಳ ಅಂಟಿಸಲು ಎಪಾಕ್ಸಿ ಬಳಸಿದ್ದಿರಾ? ಹಾಗಿದ್ದರೆ ಕಪ್ ತೆಗೆದಿಟ್ಟು ಸ್ಕಿಮ್ಮರ್ ಓಡಲಿ, ಗಾಳಿಯಾದರೂ ಸಿಗುತ್ತದೆ. ಜೊತೆಗೆ ನೀರು ಶುದ್ಧ ಮಾಡುವ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಸ್ವಲ್ಪ ನೀರು ಬದಲಿಸಿ. ಹೊಚ್ಚಹೊಸ ಸ್ಕಿಮ್ಮರ್ ಆದರೆ ಒಂದು ವಾರ ಸುಮ್ಮನೆ ಕಾಯಿರಿ.